ಬ್ರಿಟನ್ ಪೆನ್ಷನ್, ಅಮೆರಿಕದ 401ಕೆ: ವಾಪಸ್ ಬಂದವರು ಇಲ್ಲಿ ಏನು ತೋರಿಸಬೇಕು?

ಪ್ರಶ್ನೆ: ನನಗೆ 61 ವರ್ಷ. 1998ರಿಂದ ಐದು ವರ್ಷ ಅಮೆರಿಕದಲ್ಲಿ, ಆಮೇಲೆ 22 ವರ್ಷ ಬ್ರಿಟನ್‌ನಲ್ಲಿ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡಿದೆ. ಪಾಸ್‌ಪೋರ್ಟ್ ಇವತ್ತಿಗೂ ಭಾರತದ್ದೇ. 2025ರ ಸೆಪ್ಟೆಂಬರ್ 12ರಂದು ನಾನೂ ನಮ್ಮ ಯಜಮಾನರೂ ಇಲ್ಲೇ ಇದ್ದುಬಿಡೋಣ ಅಂತ ವಾಪಸ್ ಬಂದೆವು. ಅದಕ್ಕೆ ಮೊದಲು ವರ್ಷಕ್ಕೊಮ್ಮೆ ನಾಲ್ಕು ವಾರ ರಜೆಗೆ ಬರುತ್ತಿದ್ದೆವು. ಬ್ರಿಟನ್ ಕಂಪನಿಯಿಂದ ತಿಂಗಳಿಗೆ 1,500 ಪೌಂಡ್ ಪೆನ್ಷನ್ ಇದೆ. ಅದರಲ್ಲಿ ಸುಮಾರು 90 ಪೌಂಡ್ ತೆರಿಗೆ ಅಲ್ಲೇ ಹಿಡಿದುಕೊಳ್ಳುತ್ತಾರೆ. ಅಲ್ಲಿನ ಸರ್ಕಾರದ ಸ್ಟೇಟ್ ಪೆನ್ಷನ್ 67ಕ್ಕೆ ಶುರುವಾಗುತ್ತದೆ. ಅಮೆರಿಕದ 401ಕೆ, ಅಂದರೆ ನಿವೃತ್ತಿಗಾಗಿ ಕೂಡಿಟ್ಟ ಖಾತೆ, ಮುಟ್ಟದೆ ಹಾಗೇ ಇದೆ. 'ಅಲ್ಲೇ ತೆರಿಗೆ ಕಟ್ ಆಗಿದೆಯಲ್ಲ ಅತ್ತಿಗೆ, ಇಲ್ಲಿ ಯಾಕೆ ಸುಮ್ನೆ ತೋರಿಸ್ತೀರಿ' ಅಂತಾನೆ ಮೈದುನ. ಅವನು ಹೇಳೋದು ಸರಿಯಾ?

ಉತ್ತರ: ಇಲ್ಲ ಮೇಡಂ, ಸರಿಯಲ್ಲ. ನಿಮ್ಮ ಮೈದುನ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಅವರ ಮಾತಿನಲ್ಲಿ ಎರಡು ವಿಷಯ ಕಲಸಿಕೊಂಡಿವೆ. ತೋರಿಸುವುದು ಬೇರೆ, ಕಟ್ಟುವುದು ಬೇರೆ. ಕೆಲವು ವರ್ಷ ನೀವು ತೋರಿಸಲೂ ಬೇಕಿಲ್ಲ, ಕಟ್ಟಲೂ ಬೇಕಿಲ್ಲ. ಆಮೇಲೆ ಒಂದು ವರ್ಷದಿಂದ ಎಲ್ಲವನ್ನೂ ತೋರಿಸಲೇಬೇಕು, ಕೆಲವಕ್ಕೆ ಮಾತ್ರ ಕಟ್ಟಬೇಕು. ಆ ವರ್ಷ ಯಾವುದು ಅಂತ ನಿರ್ಧಾರವಾಗುವುದು ನಿಮ್ಮ ಪಾಸ್‌ಪೋರ್ಟ್‌ನ ಸೀಲುಗಳಿಂದ. ಅದಕ್ಕೇ ನನ್ನ ಹತ್ತಿರ ಬರುವವರಿಗೆ ಪೆನ್ಷನ್ ಕಾಗದಕ್ಕಿಂತ ಮೊದಲು ಹಳೆಯ ಪಾಸ್‌ಪೋರ್ಟ್‌ಗಳನ್ನು ತನ್ನಿ ಅಂತ ಹೇಳುತ್ತೇನೆ.

ದಿನ ಎಣಿಸೋಣ. ಸೆಪ್ಟೆಂಬರ್ 12ರಿಂದ ಮಾರ್ಚ್ 31ರವರೆಗೆ 201 ದಿನ. 182 ದಿನ ದಾಟಿದ್ದರಿಂದ 2025-26ಕ್ಕೆ ನೀವು ನಿವಾಸಿ. (ಅಕ್ಟೋಬರ್ 2ರಂದು ಬಂದಿದ್ದರೆ, ಆ ವರ್ಷ ಅದಕ್ಕೆ ಮೊದಲು ರಜೆಗೂ ಬಂದಿಲ್ಲದಿದ್ದರೆ, 181 ದಿನಕ್ಕೆ ನಿಂತು ಆ ವರ್ಷವೂ ಅನಿವಾಸಿಯಾಗಿ ಉಳಿಯುತ್ತಿದ್ದಿರಿ. ಇನ್ನೂ ಟಿಕೆಟ್ ಮಾಡಿಸದವರು ಇದನ್ನು ಗಮನಿಸಿ. ಬಂದಿಳಿದ ದಿನವನ್ನು ಎಣಿಸಬೇಕೋ ಬೇಡವೋ ಅನ್ನುವ ಜಗಳ ಬೇಡ ಅಂದರೆ ನಾಲ್ಕೈದು ದಿನ ಅಂತರ ಇಟ್ಟುಕೊಳ್ಳಿ.)

ನಿವಾಸಿ ಆದ ತಕ್ಷಣ ಹೊರದೇಶದ ಆದಾಯಕ್ಕೆಲ್ಲ ತೆರಿಗೆ ಬೀಳುವುದಿಲ್ಲ. ನಡುವೆ ಒಂದು ಮೆಟ್ಟಿಲಿದೆ. ಆಡಿಟರ್‌ಗಳು ಅದನ್ನು ಆರ್‌ಎನ್‌ಓಆರ್ ಅನ್ನುತ್ತಾರೆ, ಅಂದರೆ ನಿವಾಸಿ ಹೌದು, ಆದರೆ ಸಾಮಾನ್ಯ ನಿವಾಸಿ ಅಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿ ಆಗಿದ್ದರೆ, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಒಟ್ಟು 729 ದಿನ ಅಥವಾ ಅದಕ್ಕಿಂತ ಕಡಿಮೆ ಇಲ್ಲಿದ್ದರೆ, ನೀವು ಈ ಮೆಟ್ಟಿಲಲ್ಲಿ ಇದ್ದೀರಿ. ಎರಡರಲ್ಲಿ ಒಂದು ಸಾಕು.

2025-26ರಲ್ಲಿ ಮೊದಲ ಪರೀಕ್ಷೆಯಲ್ಲೇ ಪಾಸ್. 2026-27ರಲ್ಲೂ ಪಾಸ್, ಹಿಂದಿನ ಹತ್ತರಲ್ಲಿ ಒಂಬತ್ತು ವರ್ಷ ಅನಿವಾಸಿ. 2027-28ಕ್ಕೆ ಮೊದಲನೆಯದು ಕೈಕೊಡುತ್ತದೆ, ಎಂಟೇ ವರ್ಷ ಸಿಗುತ್ತದೆ. ಆಗ ಎರಡನೆಯದನ್ನು ನೋಡಬೇಕು. ಹಿಂದಿನ ಏಳು ವರ್ಷ ಅಂದರೆ 2020-21ರಿಂದ 2026-27. ಬಂದ ವರ್ಷದ 201 ದಿನ, ಮರುವರ್ಷ ಪೂರ್ತಿ ಇಲ್ಲೇ ಇದ್ದರೆ 365, ಒಟ್ಟು 566. ಉಳಿದ ಐದು ವರ್ಷದ ರಜೆಗಳು ತಲಾ 28 ದಿನ ಅಂದರೆ 140. ಎಲ್ಲ ಸೇರಿ 706. ಪಾಸ್! ಆದರೆ ಬರೀ 23 ದಿನದ ಅಂತರದಲ್ಲಿ. ನಾಲ್ಕು ವಾರದ ಬದಲು ಪ್ರತಿ ವರ್ಷ ಐದು ವಾರ ಬಂದಿದ್ದರೆ 741 ಆಗಿ ಒಂದು ಇಡೀ ವರ್ಷದ ಅನುಕೂಲ ಕೈತಪ್ಪುತ್ತಿತ್ತು. ಹಾಗಾಗಿ 'ಸುಮಾರು ನಾಲ್ಕು ವಾರ' ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೋದ ತಿಂಗಳು ಒಬ್ಬ ಹಿರಿಯರು ರಬ್ಬರ್ ಬ್ಯಾಂಡ್ ಹಾಕಿದ ಮೂರು ಪಾಸ್‌ಪೋರ್ಟ್ ತಂದಿದ್ದರು. ಒಂದು ಸೀಲು ಮಸುಕಾಗಿ 11 ಅಂತ ಓದಬೇಕೋ 17 ಅಂತಲೋ ಗೊತ್ತಾಗಲಿಲ್ಲ. ಹಳೆಯ ಇಮೇಲ್‌ನಲ್ಲಿ ವಿಮಾನದ ಟಿಕೆಟ್ ಹುಡುಕಿ ದಿನಾಂಕ ಖಚಿತ ಮಾಡಿಕೊಂಡೆವು. ನೀವೂ ಹಾಗೇ ಒಂದು ಹಾಳೆಯಲ್ಲಿ ಬಂದ ದಿನ, ಹೋದ ದಿನ ಬರೆದಿಡಿ. ಕೋವಿಡ್‌ನಿಂದಾಗಿ 2020-21ರಲ್ಲಿ ಬರಲು ಆಗಿರದಿದ್ದರೆ ಮೊತ್ತ 678ಕ್ಕೆ ಇಳಿಯುತ್ತದೆ, ಇನ್ನೂ ನಿರಾಳ. ಯಜಮಾನರ ಲೆಕ್ಕವನ್ನು ಬೇರೆಯಾಗಿ ಮಾಡಿ. ಒಬ್ಬರು ಅಪ್ಪ-ಅಮ್ಮನ ಆರೋಗ್ಯ ನೋಡಿಕೊಳ್ಳಲು ಜಾಸ್ತಿ ದಿನ ಬಂದಿರುತ್ತಾರೆ, ಇನ್ನೊಬ್ಬರು ಬಂದಿರುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಎರಡು ಸ್ಥಿತಿ ಇರುವುದನ್ನು ಬೇಕಾದಷ್ಟು ನೋಡಿದ್ದೇನೆ.

2028-29ಕ್ಕೆ ಎರಡೂ ಪರೀಕ್ಷೆ ಮುಗಿಯುತ್ತವೆ. ಅಂದರೆ 2028ರ ಏಪ್ರಿಲ್ 1ರಿಂದ ನೀವು ಪೂರ್ತಿ ನಿವಾಸಿ. ಜಗತ್ತಿನ ಎಲ್ಲೇ ಬಂದ ಆದಾಯವೂ ಇಲ್ಲಿನ ಲೆಕ್ಕಕ್ಕೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದೆ. ದಿನ ಎಣಿಸುವ ನಿಯಮ ಹಾಗೇ ಮುಂದುವರಿದಿದೆ. ಆದರೆ ಸೆಕ್ಷನ್‌ಗಳ, ಫಾರ್ಮ್‌ಗಳ ನಂಬರ್ ಬದಲಾಗಿವೆ. ನಾನು ಕೆಳಗೆ ಬಳಸುವುದು 1961ರ ಕಾಯ್ದೆಯ ಹೆಸರುಗಳನ್ನು. ಎಲ್ಲರ ಬಾಯಲ್ಲಿ ಇರುವುದು ಅವೇ. ಫಾರ್ಮ್ ತುಂಬುವ ದಿನ ಆಡಿಟರ್ ಹತ್ತಿರ ಹೊಸ ನಂಬರ್ ಕೇಳಿಕೊಳ್ಳಿ.

ಈಗ ಆರ್‌ಎನ್‌ಓಆರ್ ವರ್ಷಗಳಿಗೆ ಬರೋಣ. ಈ ಮೂರು ವರ್ಷ ಬ್ರಿಟನ್ ಪೆನ್ಷನ್‌ಗೆ ಇಲ್ಲಿ ತೆರಿಗೆ ಇಲ್ಲ. ಆದರೆ ಒಂದು ಷರತ್ತಿದೆ, ಜನ ಎಡವುವುದು ಇಲ್ಲೇ: ಹಣ ಮೊದಲು ಬೀಳುವ ಜಾಗ ಭಾರತದ ಹೊರಗೆ ಇರಬೇಕು. ಭಾರತದಲ್ಲೇ ಮೊದಲು ಕೈಸೇರಿದ ಆದಾಯಕ್ಕೆ ಆರ್‌ಎನ್‌ಓಆರ್ ಇರಲಿ, ಅನಿವಾಸಿಯೇ ಇರಲಿ, ಇಲ್ಲಿ ತೆರಿಗೆ ಉಂಟು. ಪೆನ್ಷನ್ ನಿಮ್ಮ ಬ್ರಿಟನ್ ಬ್ಯಾಂಕ್ ಖಾತೆಗೆ ಬಂದು, ಅಲ್ಲಿಂದ ನೀವು ಇಲ್ಲಿಗೆ ಕಳಿಸಿಕೊಂಡರೆ ಅದು ಆದಾಯ ಅಲ್ಲ. ನಿಮ್ಮದೇ ಹಣವನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕಿಕೊಂಡ ಹಾಗೆ. ಅದೇ ಪೆನ್ಷನ್ ಅನ್ನು ಕಂಪನಿಯಿಂದ ನೇರವಾಗಿ ಇಲ್ಲಿನ ಖಾತೆಗೆ ಹಾಕಿಸಿಕೊಂಡರೆ ಮೊದಲ ತಿಂಗಳಿಂದಲೇ ತೆರಿಗೆ. ನನ್ನ ಹತ್ತಿರ ಬಂದ ಒಬ್ಬರು ಪ್ರತಿ ತಿಂಗಳು ಹಣ ಕಳಿಸುವ ಚಾರ್ಜ್ ಉಳಿಯಲಿ ಅಂತ ಹೀಗೆ ನೇರ ಹಾಕಿಸಿಕೊಂಡಿದ್ದರು. ಉಳಿದದ್ದು ಕೆಲವು ಸಾವಿರ, ಕಳೆದುಕೊಂಡದ್ದು ಎರಡು ವರ್ಷದ ರಿಯಾಯಿತಿ. ನನಗೆ ಅವರ ಮುಖ ನೋಡಿ ನಿಜಕ್ಕೂ ಸಂಕಟವಾಯಿತು. ಒಂದು ಫೋನ್ ಮಾಡಿ ಕೇಳಿದ್ದರೆ ತಪ್ಪುತ್ತಿತ್ತು.

ಹಾಗಾಗಿ ಬ್ರಿಟನ್ ಖಾತೆ ಮುಚ್ಚಬೇಡಿ. ಅದನ್ನು ಇಟ್ಟುಕೊಳ್ಳಬಹುದಾ ಅಂತ ಹೆದರಬೇಡಿ. ಹೊರಗೆ ವಾಸವಿದ್ದಾಗ ಗಳಿಸಿದ ಹಣ, ಆಸ್ತಿಯನ್ನು ವಾಪಸ್ ಬಂದ ಮೇಲೂ ಹೊರಗೇ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ 6(4) ಸೆಕ್ಷನ್ ಅವಕಾಶ ಕೊಡುತ್ತದೆ. ಬದಲಾಯಿಸಬೇಕಾದ್ದು ಅನಿವಾಸಿಗಳಿಗಾಗಿ ಇಲ್ಲಿ ಇರುವ ಎನ್‌ಆರ್‌ಇ ಖಾತೆಯನ್ನು. ನೆಲೆಸಲು ಬಂದ ಮೇಲೆ ಅದು ಸಾಮಾನ್ಯ ಖಾತೆ ಅಥವಾ ವಾಪಸ್ ಬಂದವರು ವಿದೇಶಿ ಹಣದಲ್ಲೇ ಇಟ್ಟುಕೊಳ್ಳುವ ಆರ್‌ಎಫ್‌ಸಿ ಖಾತೆ ಆಗಬೇಕು.

ಈ ಮೂರು ವರ್ಷ ಇಲ್ಲಿ ರಿಟರ್ನ್ ಹಾಕುವುದೇ ಬೇಡ ಅಂತ ಅರ್ಥವಲ್ಲ. ಇಲ್ಲಿನ ಎಫ್‌ಡಿ ಬಡ್ಡಿ, ಮನೆ ಬಾಡಿಗೆ ಇದ್ದರೆ ಅದಕ್ಕೆ ಐಟಿಆರ್-2 ಹಾಕಿ. ಐಟಿಆರ್-1, ಅಂದರೆ ಸಹಜ್, ಆರ್‌ಎನ್‌ಓಆರ್‌ನವರಿಗೆ ಅಲ್ಲ. ನಿಮ್ಮ ಸ್ಥಿತಿ ಕೇಳುವ ಕಡೆ ಸರಿಯಾದ ಗುಂಡಿ ಒತ್ತಿದ್ದೀರಾ ಅಂತ ನೀವೇ ಕಣ್ಣಾರೆ ನೋಡಿ. ಆತುರದಲ್ಲಿ 'ನಿವಾಸಿ' ಅಂತ ಒತ್ತಿಬಿಟ್ಟರೆ, ಹೊರದೇಶದ ಖಾತೆ ಯಾಕೆ ತೋರಿಸಿಲ್ಲ ಅನ್ನುವ ಪ್ರಶ್ನೆಯನ್ನು ನೀವೇ ಕರೆದುಕೊಂಡ ಹಾಗೆ.

ಇನ್ನು 2028-29. ಇಲ್ಲಿ ಮೈದುನನ ಮಾತಿಗೆ ಪೂರ್ತಿ ಉತ್ತರ ಸಿಗುತ್ತದೆ.

ಭಾರತಕ್ಕೂ ಬ್ರಿಟನ್‌ಗೂ ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಬೀಳದಂತೆ ಒಪ್ಪಂದ ಇದೆ. ಅದರ ಪ್ರಕಾರ ಖಾಸಗಿ ಕಂಪನಿಯ ಪೆನ್ಷನ್‌ಗೆ ತೆರಿಗೆ ಹಾಕುವ ಹಕ್ಕು ಪಡೆಯುವವರು ವಾಸವಿರುವ ದೇಶಕ್ಕೆ ಮಾತ್ರ. 'ಮಾತ್ರ' ಅನ್ನುವ ಪದಕ್ಕೆ ಇಲ್ಲಿ ತೂಕ ಇದೆ. ನೀವು ಇಲ್ಲಿ ವಾಸ, ಹಾಗಾಗಿ ಹಕ್ಕು ಭಾರತದ್ದು. ಬ್ರಿಟನ್ ಹಿಡಿಯುವ 90 ಪೌಂಡ್ ಒಪ್ಪಂದದ ಪ್ರಕಾರ ಹಿಡಿಯಬೇಕಾದ್ದೇ ಅಲ್ಲ.

'ಹಿಡಿದರೆ ಹಿಡಿಯಲಿ, ಇಲ್ಲಿ ಕ್ರೆಡಿಟ್ ತಗೋತೀನಿ, ಇಲ್ಲಿನ ತೆರಿಗೆಯಿಂದ ಅಷ್ಟನ್ನು ಕಳೀತೀನಿ' ಅನ್ನುವವರು ಬಹಳ. ಆ ದಾರಿ ಮುಚ್ಚಿದೆ. ಹೊರದೇಶದ ತೆರಿಗೆಗೆ ಕ್ರೆಡಿಟ್ ಕೊಡುವ ನಮ್ಮ 128ನೇ ನಿಯಮದಲ್ಲೇ ಬರೆದಿದೆ: ಒಪ್ಪಂದದ ಪ್ರಕಾರ ಎಷ್ಟು ಕಟ್ಟಬೇಕಿತ್ತೋ ಅದಕ್ಕಿಂತ ಜಾಸ್ತಿ ಕಟ್ಟಿದ್ದರೆ ಆ ಜಾಸ್ತಿಯನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನಿಮ್ಮ ವಿಷಯದಲ್ಲಿ ಅಲ್ಲಿ ಕಟ್ಟಬೇಕಾದ್ದು ಸೊನ್ನೆ. ಹಾಗಾಗಿ ಕ್ರೆಡಿಟ್ಟೂ ಸೊನ್ನೆ.

ರೂಪಾಯಿಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಪೌಂಡ್‌ಗೆ 110 ರೂಪಾಯಿ ಅಂದುಕೊಳ್ಳಿ. ವರ್ಷಕ್ಕೆ 18,000 ಪೌಂಡ್ ಅಂದರೆ 19,80,000 ರೂಪಾಯಿ. ಹಳೆಯ ಕಂಪನಿಯ ಪೆನ್ಷನ್ ಸಂಬಳದ ಹಾಗೇ ಲೆಕ್ಕ, ಹಾಗಾಗಿ ಹೊಸ ಪದ್ಧತಿಯಲ್ಲಿ 75,000 ಕಳೆಯಬಹುದು. ಉಳಿದ 19,05,000ಕ್ಕೆ 2025-26ರ ದರದಲ್ಲಿ ತೆರಿಗೆ 1,81,000, ಶೇ 4ರ ಸೆಸ್ ಸೇರಿ 1,88,240. ಅತ್ತ ಬ್ರಿಟನ್‌ನಲ್ಲಿ ತೆರಿಗೆ ಇಲ್ಲದ 12,570 ಪೌಂಡ್ ಬಿಟ್ಟು ಉಳಿದದ್ದಕ್ಕೆ ಶೇ 20ರಂತೆ 1,086 ಪೌಂಡ್ ಹೋಗುತ್ತಿದೆ, ಅಂದರೆ ಸುಮಾರು 1,19,000 ರೂಪಾಯಿ. ಏನೂ ಮಾಡದೆ ಕೂತರೆ ಪ್ರತಿ ವರ್ಷ ಇದು ಸುಮ್ನೆ ಹೋಗುವ ಹಣ. ಎರಡನ್ನೂ ಕಟ್ಟಿಕೊಂಡು ಬಂದವರನ್ನು ನೋಡಿದ್ದೇನೆ, ಅವರಿಗೆ ಯಾರೂ ಹೇಳಿಯೇ ಇರಲಿಲ್ಲ.

ಇದನ್ನು ನಿಲ್ಲಿಸುವ ದಾರಿ ಹೀಗಿದೆ. ಇಲ್ಲಿನ ಆದಾಯ ತೆರಿಗೆ ಕಚೇರಿಗೆ 10ಎಫ್ಎ ಫಾರ್ಮ್‌ನಲ್ಲಿ ಅರ್ಜಿ ಹಾಕಿ ವಾಸದ ಪ್ರಮಾಣಪತ್ರ ಪಡೆಯಿರಿ. ಅದರ ಜೊತೆ ಬ್ರಿಟನ್ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ಡಿಟಿ-ಇಂಡಿವಿಜುವಲ್ ಅನ್ನುವ ಫಾರ್ಮ್ ಕಳಿಸಿ. ಅವರು ಒಪ್ಪಿದರೆ ನಿಮ್ಮ ಪೆನ್ಷನ್ ಕೊಡುವವರಿಗೆ ಎನ್‌ಟಿ ಕೋಡ್ ಹೋಗುತ್ತದೆ. ಎನ್‌ಟಿ ಅಂದರೆ ನೋ ಟ್ಯಾಕ್ಸ್. ಮುಂದಿನ ತಿಂಗಳುಗಳಲ್ಲಿ ಪೂರ್ತಿ 1,500 ಬರುತ್ತದೆ, ಹಿಂದೆ ಹಿಡಿದದ್ದನ್ನೂ ವಾಪಸ್ ಕೇಳಬಹುದು. ಹಾಗೆ ಕೇಳಲು ಆ ತೆರಿಗೆ ವರ್ಷ ಮುಗಿದು ನಾಲ್ಕು ವರ್ಷದವರೆಗೆ ಸಮಯ ಇದೆ. ಕಾಗದ ಎರಡು ದೇಶದ ಕಚೇರಿ ಸುತ್ತಬೇಕು, ತಡ ಆಗುತ್ತದೆ. ತಾಳ್ಮೆ ಇರಲಿ. ನೀವು ಬ್ರಿಟನ್ ಬಿಟ್ಟು ಬಂದಿದ್ದೀರಿ ಅಂತ ತಿಳಿಸುವ ಪಿ85 ಫಾರ್ಮ್ ಕಳಿಸಿಲ್ಲದಿದ್ದರೆ ಅದನ್ನು ಈಗಲೇ ಕಳಿಸಿಬಿಡಿ.

ಹಾಗಾದರೆ ಆರ್‌ಎನ್‌ಓಆರ್ ವರ್ಷಗಳಲ್ಲೇ ಎನ್‌ಟಿ ಕೋಡ್ ತಗೊಂಡು ಎರಡೂ ಕಡೆ ತಪ್ಪಿಸಿಕೊಳ್ಳಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಹಾಗೆ ಸಲಹೆ ಕೊಡುವವರೂ ಇದ್ದಾರೆ. ನಾನು ಕೊಡುವುದಿಲ್ಲ. ಒಪ್ಪಂದ ಇರುವುದು ಎರಡು ಸಲ ತೆರಿಗೆ ಬೀಳದಿರಲಿ ಅಂತ. ಆ ಮೂರು ವರ್ಷ ತಿಂಗಳ 90 ಪೌಂಡ್ ಹೋದರೆ ಹೋಗಲಿ ಅಂದುಕೊಳ್ಳಿ. ಇಲ್ಲಿ ಕಟ್ಟಬೇಕಿದ್ದ ತೆರಿಗೆಗೆ ಹೋಲಿಸಿದರೆ ನೀವು ಲಾಭದಲ್ಲೇ ಇದ್ದೀರಿ.

ಲೆಕ್ಕ ಬರೆಯುವಾಗ ಮೂರು ತಪ್ಪು ಆಗದಂತೆ ನೋಡಿಕೊಳ್ಳಿ. ಕೈಗೆ ಬಂದ 1,410 ಪೌಂಡ್ ಅಲ್ಲ, ಹಿಡಿಯುವ ಮೊದಲಿನ 1,500 ಬರೆಯಬೇಕು. ಬ್ರಿಟನ್ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ, ನಮ್ಮದು ಏಪ್ರಿಲ್ 1ರಿಂದ ಮಾರ್ಚ್ 31. ಹಾಗಾಗಿ ಅವರು ವರ್ಷದ ಕೊನೆಗೆ ಕೊಡುವ ಪಿ60 ಚೀಟಿಯ ಮೊತ್ತವನ್ನು ಹಾಗೇ ಎತ್ತಿ ಇಲ್ಲಿ ಬರೆದರೆ ತಾಳೆ ಆಗದಿರಬಹುದು, ತಿಂಗಳ ಚೀಟಿಗಳನ್ನು ಕೂಡಿ. ಇನ್ನು ವಿನಿಮಯ ದರ. ಬ್ಯಾಂಕ್ ಕೊಟ್ಟ ದರವೂ ಅಲ್ಲ, ಗೂಗಲ್ ತೋರಿಸುವುದೂ ಅಲ್ಲ. ಸ್ಟೇಟ್ ಬ್ಯಾಂಕಿನ ಟಿಟಿ ಬೈಯಿಂಗ್ ರೇಟ್, ಅಂದರೆ ಹೊರದೇಶದಿಂದ ಬಂದ ಹಣವನ್ನು ಆ ಬ್ಯಾಂಕು ಕೊಳ್ಳುವ ದರ, ಅದೂ ಹಿಂದಿನ ತಿಂಗಳ ಕೊನೆಯ ದಿನದ್ದು. ಜೂನ್ ಪೆನ್ಷನ್‌ಗೆ ಮೇ 31ರ ದರ. ತಿಂಗಳು ತಿಂಗಳು ಆ ದರವನ್ನು ಬರೆದಿಟ್ಟುಕೊಂಡರೆ ಜುಲೈನಲ್ಲಿ ಪರದಾಡಬೇಕಿಲ್ಲ. ಹೊರದೇಶದ ಪೆನ್ಷನ್‌ಗೆ ಇಲ್ಲಿ ಟಿಡಿಎಸ್ ಹಿಡಿಯುವವರು ಯಾರೂ ಇಲ್ಲ. ಆದರೆ ನಿಮಗೆ 60 ದಾಟಿದೆ, ವ್ಯಾಪಾರದ ಆದಾಯ ಇಲ್ಲ ಅಂದರೆ ಮುಂಗಡ ತೆರಿಗೆಯೂ ಇಲ್ಲ. ರಿಟರ್ನ್ ಹಾಕುವ ಮೊದಲು ಒಟ್ಟಿಗೆ ಕಟ್ಟಿದರೆ ಆಯಿತು.

ಸ್ಟೇಟ್ ಪೆನ್ಷನ್ ವಿಷಯ ಚಿಕ್ಕದು. ಅದು ತೆರಿಗೆ ಹಿಡಿಯದೆ ಬರುತ್ತದೆ, ಆ ಹೊತ್ತಿಗೆ ನೀವು ಪೂರ್ತಿ ನಿವಾಸಿ, ಇಲ್ಲಿ ತೋರಿಸಿ. ಒಂದು ಬೇಸರದ ಸಂಗತಿಯನ್ನು ಮೊದಲೇ ತಿಳಿದಿರಿ: ಭಾರತದಲ್ಲಿ ವಾಸಿಸುವವರಿಗೆ ಬ್ರಿಟನ್ ಅದನ್ನು ವರ್ಷ ವರ್ಷ ಏರಿಸುವುದಿಲ್ಲ. ಶುರುವಾದ ದಿನ ಎಷ್ಟೋ, ಹತ್ತು ವರ್ಷ ಆದ ಮೇಲೂ ಅಷ್ಟೇ ಪೌಂಡ್. ಖರ್ಚಿನ ಅಂದಾಜು ಹಾಕುವಾಗ ಇದನ್ನು ಮರೆಯಬೇಡಿ. ಬ್ರಿಟನ್ ಸರ್ಕಾರಿ ನೌಕರಿಯ ಪೆನ್ಷನ್ ಇರುವವರಿಗೆ ಒಪ್ಪಂದದಲ್ಲಿ ಬೇರೆಯೇ ನಿಯಮ ಇದೆ. ಅಲ್ಲಿ ಯಾವ ದೇಶದ ಪಾಸ್‌ಪೋರ್ಟ್ ಅನ್ನುವುದೂ ಮುಖ್ಯ. ಓದುಗರಲ್ಲಿ ಅಂಥವರಿದ್ದರೆ ಮೇಲಿನ ಲೆಕ್ಕವನ್ನು ನಿಮಗೆ ಅನ್ವಯಿಸಿಕೊಳ್ಳಬೇಡಿ.

401ಕೆ ಹಾಗಲ್ಲ, ಅದರಲ್ಲಿ ಒಂದು ಗಂಟಿದೆ. ಆ ಖಾತೆಯೊಳಗೆ ಪ್ರತಿ ವರ್ಷ ಡಿವಿಡೆಂಡ್, ಲಾಭ ಸೇರುತ್ತಿರುತ್ತದೆ. ಅಮೆರಿಕ ಅದಕ್ಕೆ ತೆರಿಗೆ ಹಾಕುವುದು ಹಣ ತೆಗೆದಾಗ. ಭಾರತ ಪೂರ್ತಿ ನಿವಾಸಿಗಳಿಂದ ಕೇಳುವುದು ಆದಾಯ ಹುಟ್ಟಿದ ವರ್ಷವೇ. ಕೈಗೆ ಬಾರದ ಹಣಕ್ಕೆ ಇಲ್ಲಿ ತೆರಿಗೆ, ಹತ್ತು ವರ್ಷ ಬಿಟ್ಟು ಅಲ್ಲಿ ತೆರಿಗೆ. ಎರಡೂ ಬೇರೆ ಬೇರೆ ವರ್ಷ ಆದ್ದರಿಂದ ಕ್ರೆಡಿಟ್ ಹೊಂದುವುದಿಲ್ಲ. ಬಹಳ ವರ್ಷ ಜನ ಇದರಲ್ಲಿ ಒದ್ದಾಡಿದರು. 2021ರ ಬಜೆಟ್‌ನಲ್ಲಿ 89ಎ ಸೆಕ್ಷನ್ ತಂದು ಇದನ್ನು ಸರಿ ಮಾಡಿದರು. ಅಮೆರಿಕ, ಬ್ರಿಟನ್, ಕೆನಡಾ, ಈ ಮೂರು ದೇಶದ ನಿವೃತ್ತಿ ಖಾತೆಗಳಿಗೆ ಮಾತ್ರ ಇದು ಅನ್ವಯ. ಅಲ್ಲಿ ವಾಸವಿದ್ದಾಗ, ಇಲ್ಲಿ ಅನಿವಾಸಿ ಆಗಿದ್ದಾಗ ತೆರೆದ ಖಾತೆ ಆಗಿರಬೇಕು. ನಿಮ್ಮದು ಹಾಗೇ ಇದೆ. 10-ಇಇ ಅನ್ನುವ ಫಾರ್ಮ್ ಹಾಕಿದರೆ, ಅಲ್ಲಿ ತೆರಿಗೆ ಬೀಳುವ ವರ್ಷವೇ ಇಲ್ಲೂ ಲೆಕ್ಕ.

ಆ ಫಾರ್ಮ್ 2028-29ರ ರಿಟರ್ನ್‌ನ ಕೊನೆಯ ದಿನಾಂಕದ ಒಳಗೆ ಹೋಗಬೇಕು. ಒಂದು ಸಲ ಆಯ್ದುಕೊಂಡರೆ ಮುಂದಿನ ಎಲ್ಲ ವರ್ಷಕ್ಕೂ ಅದೇ, ಮನಸ್ಸು ಬದಲಾಯಿಸಲು ಆಗುವುದಿಲ್ಲ. ಮುಂದೆ ಮಕ್ಕಳ ಹತ್ತಿರ ಹೋಗಿ ಮತ್ತೆ ಅನಿವಾಸಿ ಆದರೆ, ಆ ಆಯ್ಕೆ ಮಾಡಿಯೇ ಇರಲಿಲ್ಲ ಅಂತ ಲೆಕ್ಕ ಹಾಕುತ್ತಾರೆ, ಹಿಂದಿನ ವರ್ಷಗಳ ತೆರಿಗೆ ಎದ್ದು ಬರುತ್ತದೆ. ಮಕ್ಕಳು ಹೊರಗೆ ಇರುವವರು ಇದನ್ನು ಎರಡು ಸಲ ಓದಿ. ಅಮೆರಿಕದ ಇನ್ನೊಂದು ಬಗೆಯ ನಿವೃತ್ತಿ ಖಾತೆ ರಾತ್ ಐಆರ್‌ಎ ಇರುವವರಿಗೂ ಒಂದು ಎಚ್ಚರಿಕೆ: ಹಣ ತೆಗೆದಾಗ ಅಲ್ಲಿ ತೆರಿಗೆ ಬೀಳುವ ಖಾತೆಗೆ ಮಾತ್ರ 89ಎ. ರಾತ್‌ಗೆ ತೆಗೆದಾಗ ತೆರಿಗೆ ಇಲ್ಲ, ಹಾಗಾಗಿ ಅದು ಇದರೊಳಗೆ ಬರುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

401ಕೆಯಿಂದ ಹಣ ತೆಗೆಯುವಾಗ ಅಮೆರಿಕದ ಪ್ರಜೆಯೂ ಅಲ್ಲದ, ಅಲ್ಲಿ ವಾಸವೂ ಇಲ್ಲದವರಿಂದ ಸಾಮಾನ್ಯವಾಗಿ ಶೇ 30 ಹಿಡಿಯುತ್ತಾರೆ. ಅಮೆರಿಕದ ಜೊತೆಗಿನ ಒಪ್ಪಂದದಲ್ಲೂ ಖಾಸಗಿ ಪೆನ್ಷನ್‌ನ ಹಕ್ಕು ವಾಸದ ದೇಶಕ್ಕೇ. ಅದನ್ನು ಹೇಳಿಕೊಳ್ಳಲು ಡಬ್ಲ್ಯು-8ಬೆನ್ ಫಾರ್ಮ್ ಕೊಡಬೇಕು. ತಿಂಗಳು ತಿಂಗಳು ಅಥವಾ ವರ್ಷ ವರ್ಷ ಸ್ವಲ್ಪ ಸ್ವಲ್ಪ ತೆಗೆದರೆ ಅದು ಪೆನ್ಷನ್ ಅನ್ನುವ ವಾದ ಗಟ್ಟಿ. ಒಂದೇ ಸಲ ಪೂರ್ತಿ ತೆಗೆದರೆ ಅದು ಪೆನ್ಷನ್ ಹೌದೋ ಅಲ್ಲವೋ ಅನ್ನುವ ತಕರಾರು ಬರುತ್ತದೆ. ನಿಮಗೆ ಐವತ್ತೊಂಬತ್ತೂವರೆ ವರ್ಷ ಎಂದೋ ದಾಟಿದೆ. ಅವಧಿಗೆ ಮುಂಚೆ ತೆಗೆದವರಿಗೆ ಹಾಕುವ ಶೇ 10ರ ದಂಡದ ಗಡಿ 59 ವರ್ಷ 6 ತಿಂಗಳು, ಆ ಚಿಂತೆ ಇಲ್ಲ.

ಕೊನೆಯದು ತೋರಿಸುವ ಕೆಲಸ. 2028-29ರ ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್ಎ, ಅಂದರೆ ಹೊರದೇಶದ ಆಸ್ತಿಯ ಪಟ್ಟಿ, ತುಂಬಬೇಕು. ಬ್ರಿಟನ್ ಬ್ಯಾಂಕ್ ಖಾತೆ, 401ಕೆ, ಹೊರಗೆ ಇರುವ ಎಲ್ಲವೂ, ಅದರಿಂದ ಒಂದು ಪೈಸೆ ಆದಾಯ ಬರದಿದ್ದರೂ. ಈ ಶೆಡ್ಯೂಲ್ ಕೇಳುವುದು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ. ಅಂದರೆ 2028ರ ಜನವರಿ 1ರಿಂದಲೇ ಖಾತೆಯ ವಿವರ ಬೇಕು, ಆಗ ನೀವಿನ್ನೂ ಆರ್‌ಎನ್‌ಓಆರ್ ಆಗಿದ್ದರೂ. ವರ್ಷದಲ್ಲಿ ಅತಿ ಹೆಚ್ಚು ಇದ್ದ ಮೊತ್ತ, ಡಿಸೆಂಬರ್ 31ರಂದು ಉಳಿದ ಮೊತ್ತ, ಎರಡೂ ಕೇಳುತ್ತಾರೆ. ಸ್ಟೇಟ್‌ಮೆಂಟ್ ಇಳಿಸಿಕೊಂಡಿಡಿ.

ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ ವರ್ಷಕ್ಕೆ 10 ಲಕ್ಷ ದಂಡ ಹಾಕಬಹುದು. 2024ರ ಅಕ್ಟೋಬರ್‌ನಿಂದ, ಮನೆ-ಜಮೀನು ಬಿಟ್ಟು ಉಳಿದ ಹೊರದೇಶದ ಆಸ್ತಿ ಒಟ್ಟು 20 ಲಕ್ಷ ದಾಟದಿದ್ದರೆ ಆ ದಂಡ ಇಲ್ಲ. ಆದರೆ ತೋರಿಸುವ ಹೊಣೆ ಆಗಲೂ ಇದೆ. 'ಯಾರಿಗೆ ಗೊತ್ತಾಗುತ್ತೆ' ಅನ್ನುವ ಕಾಲ ಹೋಯಿತು. ಬ್ಯಾಂಕ್‌ನಲ್ಲಿ ನಿಮ್ಮ ವಿಳಾಸ ಭಾರತ ಅಂತ ಬದಲಾದ ಮೇಲೆ ಬ್ರಿಟನ್‌ನಿಂದ ಆ ಖಾತೆಯ ವಿವರ ಇಲ್ಲಿನ ಇಲಾಖೆಗೆ ತಾನಾಗಿ ಬರುತ್ತದೆ. 2024ರ ನವೆಂಬರ್‌ನಲ್ಲಿ ಇಲಾಖೆ ಇಂಥ ಮಾಹಿತಿ ಇಟ್ಟುಕೊಂಡೇ, ಹೊರದೇಶದ ಖಾತೆ ತೋರಿಸದವರಿಗೆ ಎಸ್‌ಎಂಎಸ್, ಇಮೇಲ್ ಕಳಿಸಿತ್ತು. ಅವತ್ತು ಎಷ್ಟೋ ಮನೆಗಳಲ್ಲಿ ರಾತ್ರಿ ನಿದ್ದೆ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಕಳ್ಳರಲ್ಲ, ನಿಮ್ಮ ಮೈದುನನಂಥವರ ಮಾತು ಕೇಳಿದವರು, ಅಷ್ಟೇ.

ನಿಮಗೆ ಇನ್ನೂ ಸಮಯ ಇದೆ. ಈ ವಾರ ಪಾಸ್‌ಪೋರ್ಟ್‌ಗಳನ್ನು ಹೊರಗೆ ತೆಗೆದು ಇಬ್ಬರ ದಿನಗಳನ್ನೂ ಎಣಿಸಿ. ಪೆನ್ಷನ್ ಬ್ರಿಟನ್ ಖಾತೆಗೇ ಬೀಳುತ್ತಿದೆಯಾ ಅಂತ ನೋಡಿ. 729ರ ಹತ್ತಿರ ಬಂದಿದ್ದರೆ ಮೊತ್ತವನ್ನು ನನಗೆ ಬರೆಯಿರಿ. 2027ರ ಮಾರ್ಚ್ 31ರ ಒಳಗೆ ಎರಡು ವಾರ ಮಕ್ಕಳ ಮನೆಗೆ ಹೋಗಿ ಬಂದರೂ ಆ ವರ್ಷದ ಲೆಕ್ಕ ಬದಲಾಗಬಹುದು.